ನಗಿಸೋದು ಸಣ್ಣ ಕೆಲಸ ಅನ್ನೋರಿಗೆ



ಹೇಳಬೇಕಾದ ಮಾತು ಮೊದಲೇ ಹೇಳಿಬಿಡ್ತೀನಿ. ನಗಿಸುವ ಬರಹವನ್ನ ಸಣ್ಣದು ಅಂತ ಮೂಲೆಗೆ ತಳ್ಳಿದರೆ, ಗಡಿಯ ಈ ಕಡೆ ಉಳಿದುಕೊಂಡ ನಮ್ಮಂಥ ಊರುಗಳಾಗ ಕನ್ನಡ ಉಳಿಯೋದಿಲ್ಲ. ಭಾಷಣ ಮಾಡಿದರೆ ಉಳಿಯೋದಿಲ್ಲ. ನವೆಂಬರ್ 1ನೇ ತಾರೀಖು ಬಾವುಟ ಏರಿಸಿ ಮಂಡಕ್ಕಿ ಹಂಚಿದ ಮಾತ್ರಕ್ಕೂ ಉಳಿಯೋದಿಲ್ಲ. ಯಾರೂ ಹೇಳದೆ ಮಗು ತಾನಾಗಿ ಕೈಗೆ ತಗೊಂಡು ಓದುವ ಪುಸ್ತಕ ಇದ್ದರೆ ಉಳೀತೈತಿ. ಅಂಥ ಪುಸ್ತಕ ಬರೆದ ದೊಡ್ಡ ಮನುಷ್ಯ ಒಬ್ಬರು ನಮ್ಮ ಹಳೇ ಜಿಲ್ಲೆಯವರೇ ಇದ್ದರು. ಅವರ ಹೆಸರು ಬೀಚಿ.

ಇದನ್ನ ಯಾಕೆ ಬರೆಯಬೇಕಾಯಿತು ಅಂದರೆ, ವಾಚನಾಲಯಕ್ಕೆ ಪುಸ್ತಕ ತರಿಸುವ ಪಟ್ಟಿ ಮಾಡುವಾಗ ನಾನು ಬೀಚಿಯವರ ಪುಸ್ತಕ ಸೇರಿಸ್ರಿ ಅಂದೆ. ಚೆನ್ನಾಗಿ ಓದಿದವರೊಬ್ಬರು, "ಇರೋದೇ ಸ್ವಲ್ಪ ದುಡ್ಡು. ಜೋಕಿನ ಪುಸ್ತಕಕ್ಕ ಯಾಕ ಹಾಕೋದು ತಾತ? ಮಕ್ಕಳಿಗೆ ಉಪಯೋಗ ಆಗೋದು ತರಿಸೋಣ" ಅಂದರು. ಕೂತವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯವರು. ಆ ಮಾತಿನ ಮೇಲೆ ಮಾತ್ರ ಸಿಟ್ಟೈತಿ. ಅದಕ್ಕೇ ಉತ್ತರ ಕೊಡ್ತೀನಿ.

ನಾನು ಓದಿದ್ದು ಏಳನೇ ಕ್ಲಾಸು. ಹೊಲದಾಗ ಶೇಂಗಾ, ಹತ್ತಿ ಬೆಳೀತೀನಿ. ರಾತ್ರಿ ತತ್ವಪದ ಹಾಡ್ತೀನಿ, ಬಯಲಾಟ ಕಟ್ಟಿದರೆ ಹಿಮ್ಮೇಳಕ್ಕ ನಿಲ್ತೀನಿ. ಸಾಹಿತ್ಯದ ಮಾತು ನಿನಗ್ಯಾಕ ಅಂತ ಕೇಳಬಹುದು. ಜನರ ಮುಂದೆ ನಿಂತು ಅವರನ್ನ ಹಿಡಿದು ಕೂಡಿಸೋದು ಎಷ್ಟು ಕಷ್ಟ ಅಂತ ನನಗ ನಲವತ್ತು ವರ್ಷದಿಂದ ಗೊತ್ತೈತಿ. ಆ ಅಧಿಕಾರದ ಮೇಲೆ ಮಾತಾಡ್ತೀನಿ.

ಮೊದಲು ಬೀಚಿ ಯಾರು ಅನ್ನೋದು ಹೇಳಬೇಕು. ನಮ್ಮ ಹುಡುಗರಿಗೆ ಗೊತ್ತಿಲ್ಲ, ಕೆಲವು ಮೇಷ್ಟ್ರುಗಳಿಗೂ ಗೊತ್ತಿಲ್ಲ. ಅವರ ನಿಜವಾದ ಹೆಸರು ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದರು, 1980ರಲ್ಲಿ ತೀರಿಕೊಂಡರು. ಆವಾಗ ಹರಪನಹಳ್ಳಿಯೂ ನಮ್ಮ ಆದೋನಿಯೂ ಒಂದೇ ಬಳ್ಳಾರಿ ಜಿಲ್ಲೆ, ಮದರಾಸು ಸರಕಾರ. 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು, ರಾಯದುರ್ಗ ಮೂರು ತಾಲೂಕು ಆಂಧ್ರಕ್ಕ ಬಂದವು. ಉಳಿದ ಏಳು ಮೈಸೂರಿಗೆ ಹೋದವು. ಬೀಚಿಯವರಿಗೆ ಆವಾಗ ನಲವತ್ತು ವರ್ಷ. ಅಂದರೆ ಅವರು ಬಾಳಿದ ಅರ್ಧಕ್ಕಿಂತ ಹೆಚ್ಚು ಕಾಲ ನಾವೂ ಅವರೂ ಒಂದೇ ಜಿಲ್ಲೆಯ ಜನ. ಅವರ ಹರಪನಹಳ್ಳಿಯ ಪಾಡೂ ನೋಡ್ರಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಕೊಟ್ಟರು, ಆಮೇಲೆ ವಾಪಸು ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದರು. ಬೀಚಿ ಬದುಕಿದ್ದರೆ ಇದೊಂದನ್ನೇ ಇಟ್ಟುಕೊಂಡು ಪುಸ್ತಕ ಬರೀತಿದ್ದರು ಅಂತ ನನಗನಿಸ್ತೈತಿ.

ಹೊಟ್ಟೆಪಾಡಿಗೆ ಪೊಲೀಸ್ ಇಲಾಖೆಯಾಗ ನೌಕರಿ ಮಾಡಿದರು. ಆ ಕಾಲಕ್ಕ ಬಳ್ಳಾರಿ ಸೀಮೆಯಾಗ ಕಚೇರಿಗೆ ಇಂಗ್ಲಿಷು, ಪೇಟೆಗೆ ತೆಲುಗು. ಕನ್ನಡ ಅಡುಗೆಮನೆ ಮಾತು ಅಂತ ಓದಿದವರ ಎಣಿಕೆ. ಬೀಚಿಯವರೂ ಆ ಗಾಳಿಯಾಗ ಬೆಳೆದವರೇ. ಮೊದಮೊದಲು ಕನ್ನಡ ಪುಸ್ತಕ ಅಂದರೆ ಅವರಿಗೂ ತಾತ್ಸಾರವೇ. ಅಂಥವರ ಕೈಗೆ ಒಂದು ದಿನ ಅನಕೃ ಅವರ 'ಸಂಧ್ಯಾರಾಗ' ಸಿಕ್ಕಿತು. ಅದು ಒಬ್ಬ ಸಂಗೀತಗಾರನ ಕಥೆಯ ಕಾದಂಬರಿ. ಓದಿದ ಮೇಲೆ ಮನುಷ್ಯ ಬದಲಾದರು. ಅನಕೃ ಅವರನ್ನೇ ಗುರು ಅಂದುಕೊಂಡು ಕನ್ನಡದಾಗ ಬರೆಯಾಕ ಕುಂತರು. 'ದಾಸಕೂಟ' ಬರೆದರು, ನಾಟಕ ಬರೆದರು, ಹರಟೆ ಬರೆದರು, 'ಅಂದನಾ ತಿಂಮ' ಅಂತ ಪದ್ಯ ಬರೆದರು. ಪತ್ರಿಕೆಗಳಿಗೆ ಅಂಕಣ ಬರೆದರು, ಓದುಗರು ಕೇಳಿದ ಪ್ರಶ್ನೆಗೆ ಚಾಟಿ ಬೀಸಿದಂಗೆ ಉತ್ತರ ಬರೆದರು. ಪೇಟೆಯ ಜನ ಬಸ್ಸಿನಾಗ, ಚಹಾದ ಅಂಗಡಿಯಾಗ ಓದುವ ಬರಹ ಅದು. ಪಂಡಿತರು ಅದನ್ನ ಸಾಹಿತ್ಯ ಅಂದರೋ ಇಲ್ಲವೋ, ಜನ ಬಿಡಲಿಲ್ಲ.

ಇಲ್ಲೇ ನನ್ನ ಮೊದಲ ವಾದ ಐತಿ. ಕನ್ನಡ ಅಂದರೆ ಮೂಗು ಮುರಿಯುತ್ತಿದ್ದ ಒಬ್ಬ ನೌಕರಸ್ತನನ್ನ ಕನ್ನಡದ ದೊಡ್ಡ ಬರಹಗಾರನನ್ನಾಗಿ ಮಾಡಿದ್ದು ಯಾವ ಕಾನೂನು? ಯಾವ ಮೆರವಣಿಗೆ? ಯಾವುದೂ ಅಲ್ಲ. ರುಚಿಯಾದ ಒಂದು ಪುಸ್ತಕ. ಇವತ್ತು ನಮ್ಮ ಊರಾಗ ಮೂಗು ಮುರಿಯುವ ಹುಡುಗರು ಮನೆಗೊಬ್ಬರು ಅದಾರ. ಕನ್ನಡದಿಂದ ಏನು ಬರ್ತೈತಿ ಅಂತ ಕೇಳ್ತಾರ. ಅವರ ಕೈಗೆ ನಾವು ಏನು ಕೊಡ್ತೀವಿ? ಗೈಡು ಕೊಡ್ತೀವಿ, ಪ್ರಶ್ನೋತ್ತರ ಕೊಡ್ತೀವಿ, ಮಹಾಪುರುಷರ ಚರಿತ್ರೆ ಕೊಡ್ತೀವಿ. ಅವೂ ಬೇಕು, ಬೇಡ ಅನ್ನೋದಿಲ್ಲ. ಆದರೆ ಹಸಿವೇ ಇಲ್ಲದವನ ಮುಂದೆ ಮುದ್ದೆ ಇಟ್ಟರೆ ಉಣ್ಣುತ್ತಾನೇನು? ಮೊದಲು ಉಪ್ಪಿನಕಾಯಿ ನೆಕ್ಕಿಸಬೇಕು.

ಎರಡನೇ ವಾದ. ಜೋಕಿನ ಪುಸ್ತಕದಿಂದ ಉಪಯೋಗ ಇಲ್ಲ ಅಂತಾರಲ್ಲ, ಉಪಯೋಗ ಅಂದರೆ ಏನು? ನಮ್ಮ ಎಷ್ಟೋ ಮಕ್ಕಳು ಪಾಠದ ಒಂದು ಸಾಲು ಓದಾಕ ತಡವರಿಸ್ತಾರ, ಅರ್ಧಕ್ಕ ಬಿಡ್ತಾರ. ನಗೆಯ ಮಾತನ್ನ ಯಾವ ಹುಡುಗನೂ ಅರ್ಧಕ್ಕ ಬಿಡೋದಿಲ್ಲ, ಯಾಕಂದರೆ ನಗು ಇರೋದು ಕೊನೇ ಸಾಲಿನಾಗ. ಅಲ್ಲಿ ತನಕ ಓದಲೇಬೇಕು. ಓದಿದ ಮೇಲೆ ನಗಬೇಕಂದರೆ ಒಂದು ಮಾತಿನ ಎರಡು ಅರ್ಥ ಗೊತ್ತಿರಬೇಕು. ಒಂದು ಸಣ್ಣ ಉದಾಹರಣೆ ಕೊಡ್ತೀನಿ. ತಾಯಿ ಒಲೆಯ ಮುಂದೆ ಕುಂತು ಮಗನಿಗೆ, "ನಾನು ಹಿಟ್ಟು ಕಲಸ್ತೀನಿ, ನೀನು ಮಿರ್ಚಿ ಕರಿಯೋ" ಅಂದಳು. ಮಗ ಬಾಗಿಲಿಗೆ ಹೋಗಿ ನಿಂತು "ಮಿರ್ಚೀ, ಏ ಮಿರ್ಚೀ" ಅಂತ ಕೂಗಿದ. ಇದಕ್ಕ ನಗುವ ಮಗುವಿಗೆ 'ಕರಿ' ಅಂದರೆ ಎಣ್ಣೆಗೆ ಹಾಕೋದು, 'ಕರಿ' ಅಂದರೆ ಕೂಗೋದು ಎರಡೂ ತಿಳಿದಿರಬೇಕು. ಅದು ಬಣ್ಣವೂ ಹೌದು, ಹಳಗನ್ನಡದಾಗ ಆನೆಯೂ ಹೌದು ಅಂತ ಮೇಷ್ಟ್ರು ಸೇರಿಸಿದರೆ ಆ ದಿನದ ವ್ಯಾಕರಣದ ಪಾಠ ಮುಗೀತು. ಬೆತ್ತ ಬೇಕಾಗಲಿಲ್ಲ. ಈ ನಗುವನ್ನ ತೆಲುಗಿಗೆ ಒಯ್ಯಾಕ ಬರೋದಿಲ್ಲ, ಇಂಗ್ಲಿಷಿಗೆ ಒಯ್ಯಾಕ ಬರೋದಿಲ್ಲ. ಕನ್ನಡ ಬಂದವನಿಗೆ ಮಾತ್ರ ಸಿಗುವ ಸೊತ್ತು ಇದು. ಇದಕ್ಕಿಂತ ಉಪಯೋಗ ಇನ್ನೇನು ಬೇಕು?

ಮೂರನೇದು, ನಗಿಸೋದು ಸುಲಭ ಅನ್ನುವ ಭ್ರಮೆ. ಈಗ ಬೆಂಗಳೂರಿನಾಗ ಹುಡುಗರು 'ಸ್ಟ್ಯಾಂಡಪ್ ಕಾಮಿಡಿ' ಅಂತ ಮಾಡ್ತಾರ. ಒಬ್ಬರೇ ಮೈಕು ಹಿಡಿದು ನಿಲ್ಲೋದು. ವೇಷ ಇಲ್ಲ, ಬಣ್ಣ ಇಲ್ಲ, ಹಾರ್ಮೋನಿಯಂ ಇಲ್ಲ. ನಗು ಬಂದರೆ ಬಂತು, ಬರದಿದ್ದರೆ ಬಚ್ಚಿಟ್ಟುಕೊಳ್ಳಾಕ ಜಾಗ ಇಲ್ಲ. ಹೆಸರು ಹೊಸದು, ಕೆಲಸ ನಮಗೆ ಹಳೇದು. ನಮ್ಮ ದೊಡ್ಡಾಟದ ಸಾರಥಿ ಮಾಡ್ತಿದ್ದಿದ್ದು ಇದೇ. ರಾಜ ಕಿರೀಟ ಹೊತ್ತು ಕುಣಿದು ಬಂದು ಗದ್ದರಿಸಿದರೆ, ಸಾರಥಿ ಮುಂದೆ ನಿಂತು, ನೀನು ಯಾರಪ್ಪ, ನಿನ್ನ ಊರು ಯಾವುದು ಅಂತ ವಿಚಾರಿಸ್ತಾನ. ತೊಗಲುಗೊಂಬೆ ಆಟದಾಗ ರಾಮ ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಇಡೀ ಊರನ್ನ ಆಡಿಕೊಳ್ತಿದ್ದರು. ನಡುರಾತ್ರಿ ಎರಡು ಗಂಟೆಗೆ ಜನ ಕಂಬಳಿ ಹೊದ್ದು ತೂಕಡಿಸುವಾಗ ಅವರನ್ನ ಎಬ್ಬಿಸ್ತಿದ್ದವನು ರಾಜಪಾರ್ಟಿನವನಲ್ಲ, ಸಾರಥಿ. ನಾನು ಹಿಮ್ಮೇಳದಾಗ ನಿಂತು ನೋಡಿ ಕಲಿತಿದ್ದು ಏನಂದರೆ, ನಗೆಯ ಮಾತು ಹೇಳೋದಕ್ಕಿಂತ ಮುಂಚೆ ಒಂದು ಉಸಿರು ಸುಮ್ಮನೆ ನಿಲ್ಲಬೇಕು. ಆ ಉಸಿರು ಹೆಚ್ಚಾದರೆ ಜನ ಆಕಳಿಸ್ತಾರ, ಕಮ್ಮಿಯಾದರೆ ಮಾತು ಬಿದ್ದುಹೋಗ್ತೈತಿ. ತಾಳ ತಪ್ಪಿದ ಪದವನ್ನ ಜನ ಸಹಿಸ್ತಾರ. ತಾಳ ತಪ್ಪಿದ ನಗೆಯನ್ನ ಸಹಿಸೋದಿಲ್ಲ.

ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕ 10,000ಕ್ಕೂ ಹೆಚ್ಚು ಸಲ ಆಡಿತು. ಇದ್ದದ್ದನ್ನೇ ಒಪ್ಪಿಸಿದ್ದರೆ ಅಷ್ಟು ಸಲ ಯಾರು ನೋಡ್ತಿದ್ದರು? ಬೆಳಿಗ್ಗೆ ಪೇಪರಿನಾಗ ಬಂದ ಸುದ್ದಿಯನ್ನ ಸಂಜೆ ರಂಗದ ಮೇಲೆ ತರ್ತಿದ್ದರು. ಮಂತ್ರಿಯನ್ನ ಬಿಡಲಿಲ್ಲ, ಆಫೀಸರನ್ನ ಬಿಡಲಿಲ್ಲ. ಡಾಕ್ಟರು ಎಂ. ಶಿವರಾಂ ಅವರು ರೋಗಿಗಳನ್ನ ನೋಡುವ ಕೆಲಸದ ಜೊತೆಗೇ 1942ರಲ್ಲಿ 'ಕೊರವಂಜಿ' ಅಂತ ನಗೆಯ ಮಾಸಪತ್ರಿಕೆ ಶುರು ಮಾಡಿ 1967ರ ತನಕ ನಡೆಸಿದರು. ಇಪ್ಪತ್ತೈದು ವರ್ಷ ತಿಂಗಳು ತಿಂಗಳು ಜನರನ್ನ ನಗಿಸೋದು ಸಣ್ಣ ಕೆಲಸವೇ? ನಗಿಸೋದು ಹೊಲದ ಕೆಲಸದಂಗೆ, ಇವತ್ತು ಬೆಳೆದಿದ್ದು ಇವತ್ತಿಗೆ. ನಾಳೆಗೆ ಮತ್ತೆ ಬಿತ್ತಬೇಕು.

ಈಗ ಅಸಲಿ ಜಗಳಕ್ಕ ಬರ್ತೀನಿ. ನಗಿಸುವವರೆಲ್ಲ ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. ನಗೆಯಾಗ ಎರಡು ಜಾತಿ ಐತಿ. ನಮ್ಮ ಮಾತಿನಾಗ ನಗಿಸೋದು ಒಂದು. ನಮ್ಮ ಮಾತನ್ನ ನೋಡಿ ನಗಿಸೋದು ಇನ್ನೊಂದು. ಎರಡಕ್ಕೂ ನಡುವೆ ಆಕಾಶ ಭೂಮಿಯಷ್ಟು ದೂರ.

ಬೀಚಿಯವರು ತಮ್ಮ ನಗೆಗೆ ಯಾರನ್ನ ತಂದರು? ತಿಂಮನನ್ನ. ನಮ್ಮ ಊರ ಕಟ್ಟೆಯ ಮುಂದೆ ನಿಂತು 'ತಿಮ್ಮಾ' ಅಂದರೆ ನಾಲ್ಕು ಜನ 'ಓ' ಅಂತಾರ. ಅಷ್ಟು ನಮ್ಮವನು ಅವನು. ಪೆದ್ದನಂಗೆ ಕಾಣ್ತಾನ, ಪೆದ್ದನಂಗೆ ಕೇಳ್ತಾನ. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಾಕ ಹೋಗಿ ಸೋಲುವವರು ದೊಡ್ಡವರು, ಓದಿದವರು, ಮಡಿವಂತರು, ಅಧಿಕಾರದವರು. ತಿಂಮನಿಗೆ ನಾವು ನಗ್ತೀವಿ, ಆಮೇಲೆ ತಿಂಮನ ಜೊತೆ ಸೇರಿ ಅವರಿಗೆ ನಗ್ತೀವಿ. ಬೀಚಿ ತಮ್ಮನ್ನೂ ಬಿಟ್ಟುಕೊಳ್ಳಲಿಲ್ಲ. ತಮ್ಮ ಜೀವನ ಚರಿತ್ರೆಗೆ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟರು. ತಮ್ಮ ಸಹಿಯಲ್ಲೇ 'ಬೀ' ಅಂತ ಕನ್ನಡ ಅಕ್ಷರ ಬರೆದು 'ಚಿ' ಅನ್ನೋದನ್ನ ಇಂಗ್ಲಿಷ್ ಅಕ್ಷರದಾಗ ಬರೆದರು. ಅರ್ಧ ಕನ್ನಡ ಅರ್ಧ ಇಂಗ್ಲಿಷು ಆಗಿ ನಿಂತ ನಮ್ಮ ಓದಿದವರನ್ನ ಆ ಎರಡೇ ಅಕ್ಷರದಾಗ ಆಡಿಕೊಂಡಂಗಾಯ್ತು ಅಂತ ನಾನು ತಿಳಕೊಂಡೀನಿ.

ಅದೇ ದಾರಿಯಾಗ ಗಂಗಾವತಿ ಪ್ರಾಣೇಶ್ ಅವರು ನಡೆದರು. ಬೀಚಿಯವರನ್ನ ಓದಿ ಅರಗಿಸಿಕೊಂಡು ವೇದಿಕೆಗೆ ತಂದರು. ಜನ ಅವರನ್ನ 'ಅಭಿನವ ಬೀಚಿ' ಅಂತ ಕರೆದರು. ಅವರು ಬೆಂಗಳೂರಿಗೆ ಹೋದರೂ, ಸಮುದ್ರ ದಾಟಿ ಕನ್ನಡ ಸಂಘಗಳಿಗೆ ಹೋದರೂ ಮಾತಾಡಿದ್ದು ಗಂಗಾವತಿ ಕಡೆಯ ಕನ್ನಡವೇ. ಅದನ್ನ ಅಣಕಿಸಲಿಲ್ಲ, ಅದರಾಗೇ ಮಾತಾಡಿದರು. ನಮ್ಮಂಥ ಮಾತಿಗೂ ಟಿಕೆಟ್ ತಗೊಂಡು ಬಂದು ಕೂಡುವ ಜನ ಅದಾರ ಅಂತ ತೋರಿಸಿದರು. ಇದು ಸಣ್ಣ ಉಪಕಾರ ಅಲ್ಲ.

ಇನ್ನೊಂದು ಜಾತಿಯ ನಗೆ ಈಗ ಫೋನಿನಾಗ ಹರಿದು ಬರ್ತೈತಿ. ಹೆಸರು ಹೇಳೋದಿಲ್ಲ, ನಿಮಗೂ ಗೊತ್ತೈತಿ. ಒಬ್ಬ ಹಾಸ್ಯಗಾರ ಗಡಿನಾಡಿನ ರೈತನ ವೇಷ ಹಾಕಿ, ಕನ್ನಡದಾಗ ನಾಲ್ಕು ತೆಲುಗು ಮಾತು ಬೆರೆಸಿ, ಬಾಯಿ ಸೊಟ್ಟ ಮಾಡಿ ಮಾತಾಡ್ತಾನ. ಬೇರೆ ಜೋಕು ಏನೂ ಇಲ್ಲ. ನಾವು ಮಾತಾಡೋದೇ ಜೋಕು. ನನ್ನ ಮೊಮ್ಮಗ ಅದನ್ನ ನೋಡಿ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ, "ತಾತಾ, ನಾವೂ ಹಿಂಗ ಮಾತಾಡ್ತೀವಾ?" ಅಂತ ಕೇಳಿದ. ಆವತ್ತಿನಿಂದ ಪೇಟೆಗೆ ಹೋದರೆ ಅಂಗಡಿಯಾಗ ಕನ್ನಡ ಮಾತಾಡೋದಿಲ್ಲ. ಬೆರಳು ತೋರಿಸ್ತಾನ, ಇಲ್ಲದಿದ್ದರೆ ಶಾಲೆಯಾಗ ಕಲಿತ ನಾಲ್ಕು ಇಂಗ್ಲಿಷ್ ಮಾತು ಹೇಳ್ತಾನ. ಒಂದು ಎರಡು ನಿಮಿಷದ ವಿಡಿಯೋ ಎಷ್ಟು ದೊಡ್ಡ ಕೊಡಲಿ ಅಂತ ಆವಾಗ ತಿಳೀತು.

ನಮ್ಮ ಮಾತಿನಾಗ ತೆಲುಗು ಐತಿ, ಹೌದು. ಅಕ್ಕಪಕ್ಕದ ಹೊಲದವರು ನೂರಾರು ವರ್ಷ ಎತ್ತು ಬದಲು ಮಾಡಿಕೊಂಡು ದುಡಿದರೆ ಮಾತೂ ಬದಲು ಆಗ್ತೈತಿ. ಅದರಾಗ ನಾಚಿಕೆ ಪಡೋದು ಏನೈತಿ? ಬೆಂಗಳೂರಿನ ಕನ್ನಡದಾಗ ಇಂಗ್ಲಿಷ್ ಬೆರೆತರೆ ಅದು ನಾಗರಿಕತೆ, ನಮ್ಮದರಾಗ ತೆಲುಗು ಬೆರೆತರೆ ಅದು ಕಾಮಿಡಿ. ಈ ತಕ್ಕಡಿ ಯಾರು ಹಿಡಿದಾರ ಅಂತ ತಿಂಮನೇ ಬಂದು ಕೇಳಬೇಕು.

ಕುಂಟೆ ಹೊಡೆಯುವವನಿಗೆ ಸಾಲು ಗೊತ್ತಿರಬೇಕು. ಗೊತ್ತಿದ್ದವನು ಹೊಡೆದರೆ ಕಳೆ ಸಾಯ್ತೈತಿ, ಗೊತ್ತಿಲ್ಲದವನು ಹೊಡೆದರೆ ಪೈರೇ ಕಿತ್ತು ಬರ್ತೈತಿ. ಎರಡೂ ಕುಂಟೆಯೇ, ಎರಡೂ ಎತ್ತೇ. ಹಂಗಂತ ಕುಂಟೆಯನ್ನೇ ಹೊಲಕ್ಕ ಇಳಿಸಬಾರದು ಅಂತ ಯಾವ ರೈತನೂ ಹೇಳೋದಿಲ್ಲ. ಒಳ್ಳೆಯ ನಗೆಯನ್ನ ನಾವು ಮಕ್ಕಳಿಗೆ ಕೊಡದಿದ್ದರೆ ಅವರು ನಗದೆ ಕುಂದರೋದಿಲ್ಲ. ಫೋನು ಕೊಟ್ಟ ನಗೆ ನಗ್ತಾರ. ತಮ್ಮ ಅವ್ವ ಅಪ್ಪನ ಮಾತಿಗೇ ನಗ್ತಾರ.

ಇದಕ್ಕ ಇಬ್ಬರು ಅಡ್ಡ ಮಾತು ಹೇಳ್ತಾರ, ಅವನ್ನೂ ಮುಗಿಸಿಬಿಡ್ತೀನಿ. ಮೊದಲನೆಯವರು, ಬೀಚಿ ಬರಹದಾಗ ಕೆಲವು ಮಾತು ಮಕ್ಕಳಿಗೆ ತಕ್ಕದ್ದಲ್ಲ ಅಂತಾರ. ಇರಬಹುದು. ದೊಡ್ಡವರಿಗೆ ಅಂತ ಬರೆದ ಪುಸ್ತಕ ದೊಡ್ಡವರು ಓದಲಿ, ತಿಂಮನ ಮಾತುಗಳನ್ನ ಮೇಷ್ಟ್ರು ಆರಿಸಿ ಮಕ್ಕಳಿಗೆ ಕೊಡಲಿ. ಸಂತೆಯಾಗ ಬದನೆಕಾಯಿ ಆರಿಸಿ ತರ್ತೀವೋ ಇಲ್ಲವೋ? ಹುಳುಕು ಒಂದು ಕಂಡಿತು ಅಂತ ಸಂತೆಗೆ ಹೋಗೋದೇ ಬಿಡ್ತೀವೇನು?

ಎರಡನೆಯವರು ನಮ್ಮ ಹೆಣ್ಣುಮಕ್ಕಳು. ಹಾಸ್ಯಗಾರರೆಲ್ಲ ಹೆಂಡತಿಯನ್ನೇ ಆಡಿಕೊಳ್ತಾರ, ನಮಗೇನು ನಗು ಬರೋದಿಲ್ಲ ಅಂತಾರ. ಈ ಮಾತು ನಿಜ, ಬೀಚಿಯವರನ್ನೂ ಸೇರಿಸಿಯೇ ನಿಜ. ಹೆಂಡತಿ ಮೇಲಿನ ಜೋಕು ಹಳಸಿದ ಸಾರು, ವೇದಿಕೆಯ ಮೇಲೆ ಇನ್ನೂ ಅದನ್ನೇ ಬಡಿಸುವವರಿಗೆ ನಾಚಿಕೆ ಬರಬೇಕು. ಆದರೆ ಅದಕ್ಕ ಉತ್ತರ ನಗೆಯನ್ನ ಬಿಡೋದಲ್ಲ, ನಗೆಯನ್ನ ಕೈಗೆ ತಗೊಳ್ಳೋದು. 'ಕೊರವಂಜಿ'ಯಾಗ ಟಿ. ಸುನಂದಮ್ಮನವರು ಬರೆದರು. ಗಂಡಸರ ಹಿಂದೆ ನಿಂತು ಬರೆಯಲಿಲ್ಲ, ಸರಿಸಮ ಕುಂತು ಬರೆದರು. ಇಲ್ಲಿ ನಮ್ಮ ಮನೆಗಳಾಗ ಬೀಗರ ಹಾಡು ಹೇಳುವವರು ಯಾರು? ಮದುವೆ ಹಂದರದಾಗ ಬೀಗರ ಮೀಸೆ, ಅವರ ಜುಗ್ಗತನ, ಅವರ ಬೊಜ್ಜು ಯಾವುದನ್ನೂ ಬಿಡದೆ ಹಾಡಿ, ಬೈಸಿಕೊಂಡವನೇ ನಕ್ಕು ಕಾಣಿಕೆ ಕೊಡುವಂಗೆ ಮಾಡುವವರು ನಮ್ಮ ಅಕ್ಕಂದಿರು. ಅವರಿಗೆ ಮೈಕು ಕೊಟ್ಟು ನೋಡ್ರಿ. ಪೇಟೆಯ ಸ್ಟ್ಯಾಂಡಪ್ಪಿನವರು ಬಂದು ಕಲಿತುಕೊಂಡು ಹೋಗಬೇಕು.

ಆದ್ದರಿಂದ ಮೇಷ್ಟ್ರುಗಳೇ, ನನ್ನ ಬೇಡಿಕೆ ಮೂರೇ. ಒಂದು, ಬೀಚಿ, ಸುನಂದಮ್ಮ ಇಂಥವರ ಪುಸ್ತಕ ವಾಚನಾಲಯದ ಬಾಗಿಲ ಹತ್ತಿರ, ಮಕ್ಕಳ ಕೈಗೆ ಎಟುಕುವ ಹಲಗೆಯ ಮೇಲೆ ಇರಲಿ. ಬೀಗ ಹಾಕಿದ ಬೀರುವಿನಾಗ ಬೇಡ. ಎರಡು, ಶನಿವಾರ ಮಧ್ಯಾಹ್ನ ಒಂದು ತಾಸು ಮಕ್ಕಳು ನಿಂತು ನಗೆಯ ಮಾತು ಜೋರಾಗಿ ಓದಲಿ. ತಡವರಿಸಿದರೂ ಓದಲಿ, ತಮ್ಮ ಮನೆಯ ಮಾತಿನಾಗೇ ಓದಲಿ. 'ಅದಾನ' ಅಂದ ಮಗುವನ್ನ ನಿಲ್ಲಿಸಿ 'ಇದ್ದಾನೆ' ಅನ್ನು ಅಂತ ಆ ಒಂದು ತಾಸು ತಿದ್ದಬೇಡಿ. ಪರೀಕ್ಷೆಗೆ ಬೇಕಾದಾಗ ತಿದ್ದಿದರೆ ಸಾಕು. ಮೂರು, ಪ್ರತಿ ಮಗು ತನ್ನ ತಾತ, ಅವ್ವ, ಸೋದರತ್ತೆಯ ಹತ್ತಿರ ಕುಂತು ಊರಾಗ ನಡೆದ ನಗೆಯ ಸಂಗತಿ ಒಂದನ್ನ ಬರಕೊಂಡು ಬರಲಿ. ಒಂದು ಷರತ್ತು ಇರಲಿ. ಕುಂಟನಿಗೆ, ಕುರುಡನಿಗೆ, ಬಡವನಿಗೆ, ಜಾತಿಗೆ ನಗಿಸುವ ಮಾತು ಬೇಡ. ಊರ ಗೌಡನಿಗೆ, ಲೇವಾದೇವಿಯವನಿಗೆ, ಮಳೆರಾಯನಿಗೆ, ಇಲ್ಲದಿದ್ದರೆ ತನಗೇ ನಗಿಸುವ ಮಾತು ತರಲಿ.

ಈ ಮೂರಕ್ಕೂ ಸೇರಿ ಖರ್ಚು ಎಷ್ಟು? ಒಂದು ಚೀಲ ಗೊಬ್ಬರದ ರೇಟಿನಾಗ ನಾಲ್ಕಾರು ಪುಸ್ತಕ ಬರ್ತಾವ. ಆ ಚೀಲ ನನ್ನ ಲೆಕ್ಕಕ್ಕ ಹಾಕ್ರಿ. ಶನಿವಾರದ ತಾಸಿಗೆ ಜನ ಸೇರೋದಿಲ್ಲ ಅನ್ನುವ ಚಿಂತೆಯೂ ಬೇಡ. ದಮ್ಮಡಿ ತಗೊಂಡು ನಾನು ಬರ್ತೀನಿ, ಎರಡು ಪದ ಹಾಡಿ ಜನರನ್ನ ಕೂಡಿಸ್ತೀನಿ. ಆಮೇಲೆ ನಾನು ಕುಂತ್ಕೊಳ್ತೀನಿ, ಮಕ್ಕಳು ನಿಲ್ಲಲಿ.